ಬೈ-ಟು ನ್ಯಾಯಪೀಠ

ಮೈಸೂರಿನ ಯಾವ ಬಡಾವಣೆಯ ಬೇಕರಿ ಮುಂದೆ ನಿಂತರೂ ಇವರು ಸಿಗುತ್ತಾರೆ. ಹೆಸರು ಬೇಡ, ಎಲ್ಲರೂ ಕರೆಯುವುದು ‘ಜಡ್ಜ್ ಸಾಹೇಬ್ರು’ ಅಂತಲೇ. ಸರ್ವಿಸ್ಸಿನಲ್ಲಿದ್ದಾಗ ಒಂದು ಕಡತವನ್ನು ಪಕ್ಕದ ಟೇಬಲ್ಲಿಗೆ ದಾಟಿಸಲು ಆರು ತಿಂಗಳು ಹಿಡಿಯುತ್ತಿದ್ದವರು, ಈಗ ಕೊಲೆ ಕೇಸನ್ನು ಬೈ-ಟು ಕಾಫಿ ಆರುವಷ್ಟರಲ್ಲಿ ಇತ್ಯರ್ಥ ಮಾಡುತ್ತಾರೆ. ಕೆಟ್ಟವರೇನಲ್ಲ. ಬೀದಿಯಲ್ಲಿ ಯಾರಿಗೆ ಜ್ವರ ಬಂದರೂ ಮನೆಯಿಂದ ಗಂಜಿ ಕಳಿಸುತ್ತಾರೆ. ಟಿವಿಯಲ್ಲಿ ಬಂದವರಿಗೆ ಮಾತ್ರ ನೇಣು.

ಸಾಕ್ಷಿ ಏನು ಸಾರ್ ಎಂದರೆ, “ಆ ಕಣ್ಣು ನೋಡ್ರಿ, ಸಾಕು” ಎನ್ನುತ್ತಾರೆ. ಆರೋಪಿ ಅತ್ತರೆ ನಾಟಕ, ಅಳದಿದ್ದರೆ ಕಲ್ಲೆದೆ. ಮುಖಕ್ಕೆ ಮುಸುಕಿದ್ದರಂತೂ ತಪ್ಪೊಪ್ಪಿಗೆಯೇ ಆಯಿತು. ಮುಸುಕು ಹಾಕಿ ಕರೆತರುವವರು ಪೊಲೀಸರೇ ಎಂಬುದು ಇನ್ನೂ ಅವರ ಗಮನಕ್ಕೆ ಬಂದಿಲ್ಲ. ‘ಸಂಶಯದ ಲಾಭ’ ಎಂದು ಪೇಪರಿನಲ್ಲಿ ಓದಿದರೆ, ಆ ಲಾಭದಲ್ಲಿ ಯಾರ್ಯಾರಿಗೆ ಎಷ್ಟೆಷ್ಟು ಪಾಲು ಎಂದು ಲೆಕ್ಕ ಹಾಕುತ್ತಾರೆ. ಶಿಕ್ಷೆಯ ಕಲಂ ಸದಾ 302. ಅದು 2024ರ ಜುಲೈ 1ರಿಂದ 103 ಆಗಿದೆ ಎಂದು ವಕೀಲರ ಗುಮಾಸ್ತರೊಬ್ಬರು ತಿದ್ದಲು ಹೋದರು. “ಅದು ನಿಮ್ಮ ಕೋರ್ಟಲ್ಲಿ” ಎಂಬ ಉತ್ತರ ಬಂತು.

ಇವರ ಹಳೆಯ ತೀರ್ಪುಗಳಲ್ಲಿ ಹೆಸರಾದದ್ದು 2007ರದ್ದು. ಬೆಂಗಳೂರಿನಲ್ಲಿ ಓದಿದ ಡಾ. ಮೊಹಮ್ಮದ್ ಹನೀಫರನ್ನು ಭಯೋತ್ಪಾದನೆಯ ಶಂಕೆಯ ಮೇಲೆ ಬ್ರಿಸ್ಬೇನ್ ವಿಮಾನ ನಿಲ್ದಾಣದಲ್ಲಿ ಹಿಡಿದರಲ್ಲ, ಆಗ. “ಒನ್ ವೇ ಟಿಕೆಟ್ ರೀ! ಇನ್ನೇನು ಬೇಕು?” ಬೆಂಗಳೂರಿನಲ್ಲಿ ಹೆಂಡತಿ ಹೆತ್ತಿದ್ದಾಳೆ, ಮಗು ನೋಡಲು ಹೊರಟಿದ್ದಾರೆ ಎಂದರೂ ಕೇಳಲಿಲ್ಲ. ಗ್ಲಾಸ್ಗೋ ದಾಳಿಯಲ್ಲಿ ಉರಿದ ಜೀಪಿನೊಳಗಿತ್ತು ಎನ್ನಲಾದ ಅವರ ಸಿಮ್ ಕಾರ್ಡ್ ನಿಜಕ್ಕೂ ಇದ್ದದ್ದು ದೂರದ ಲಿವರ್‌ಪೂಲಿನಲ್ಲಿ. ಜುಲೈ 27ಕ್ಕೆ ಆಸ್ಟ್ರೇಲಿಯಾ ಆರೋಪ ಕೈಬಿಟ್ಟಿತು. ಸಾಹೇಬ್ರು ಬಿಡಲಿಲ್ಲ. “ಸಿಮ್ ಕೊಟ್ಟಿದ್ದು ಹೌದೋ ಅಲ್ವೋ, ಅಷ್ಟು ಹೇಳಿ.” ಅವರ ಸ್ವಂತ ಸಿಮ್ಮು ಅಳಿಯನ ಹೆಸರಿನಲ್ಲಿದೆ.

ಆದರೆ ಪೀಠ ಅಲ್ಲಾಡಿದ್ದು ಕೊಡಗಿನ ಪ್ರಕರಣದಲ್ಲಿ. 2020ರಲ್ಲಿ ಅಲ್ಲಿನ ಬಡವನೊಬ್ಬನ ಹೆಂಡತಿ ಕಾಣೆಯಾದಳು. ಹುಡುಕಿಕೊಡಿ ಎಂದು ಠಾಣೆಗೆ ಹೋದವನು ಅವನೇ. ಆಮೇಲೆ ಬೆಟ್ಟದಪುರದ ಕಡೆ ಅಸ್ಥಿಪಂಜರವೊಂದು ಸಿಕ್ಕಿತು. ಪೊಲೀಸರು ಎರಡನ್ನೂ ಸೇರಿಸಿ ಹೊಲಿದರು, ಗಂಡ ಒಳಗೆ ಹೋದ. “ದೂರು ಕೊಡೋಕೆ ಮೊದಲು ಬರೋನೇ ಕಳ್ಳ” ಎಂದು ಸಾಹೇಬ್ರು ಬನ್ನು ಅದ್ದುತ್ತಾ ತೀರ್ಪು ಕೊಟ್ಟಿದ್ದರು. ಡಿಎನ್‌ಎ ಹೊಂದಲಿಲ್ಲ ಎಂದಾಗ, “ಹಳ್ಳಿ ಮೂಳೆ ರೀ, ಡಿಎನ್‌ಎ ಎಲ್ಲಿಂದ ಬರುತ್ತೆ?” ಎಂದಿದ್ದರು.

2025ರ ಏಪ್ರಿಲ್‌ನಲ್ಲಿ ಕೊಲೆಯಾದಾಕೆ ಮಡಿಕೇರಿಯ ಹೋಟೆಲೊಂದರಲ್ಲಿ ಪ್ರತ್ಯಕ್ಷಳಾದಳು. ಜೀವಂತ.

ಅಂದು ಬೇಕರಿ ಮುಂದೆ ಮಾಮೂಲಿಗಿಂತ ಹೆಚ್ಚು ಜನ. ಸಾಹೇಬ್ರು ಏನನ್ನುತ್ತಾರೋ ನೋಡೋಣ ಎಂದು ಹಾಲಿನವನೂ ಸೈಕಲ್ ಸ್ಟ್ಯಾಂಡ್ ಹಾಕಿ ನಿಂತಿದ್ದ. ಅವರು ಬಂದರು, ಪೇಪರು ಮಡಚಿದರು, ಕಾಫಿ ಹೀರಿದರು.

“ಸರಿ, ಇವಳು ಬದುಕಿದಾಳೆ. ಹಾಗಾದ್ರೆ ಆ ಮೂಳೆ ಯಾರದ್ದು? ಅದನ್ನು ಯಾರು ಹೇಳ್ತಾರೆ? ಅವನನ್ನೇ ಕೇಳಬೇಕು!”

ಹೆಂಡತಿಯನ್ನು ಕೊಲ್ಲದ ತಪ್ಪಿಗೆ ಆ ಬಡಪಾಯಿಯ ಮೇಲೆ ಇನ್ನೊಂದು ಕೊಲೆ ಬಿತ್ತು. ಮೈಸೂರಿನ ಕೋರ್ಟು ಅವನನ್ನು ನಿರ್ದೋಷಿ ಎಂದು ಬಿಟ್ಟು, ಲಕ್ಷ ರೂಪಾಯಿ ಪರಿಹಾರ ಕೊಡಿ ಎಂದ ಸುದ್ದಿ ಬಂದಾಗಲೂ ಸಾಹೇಬ್ರು ಸೋಲಲಿಲ್ಲ. “ನೋಡ್ರಿ, ಲಕ್ಷ ಸಿಕ್ತು. ಒಳಗಡೆ ಊಟಾನೂ ಸರ್ಕಾರದ್ದೇ. ಅವನಿಗೇನ್ರೀ ನಷ್ಟ?”

ಬೇಕರಿ ಹುಡುಗ ಲೋಟ ತೊಳೆಯುತ್ತಿದ್ದವನು ತಲೆಯೆತ್ತಿದ. “ನಿಮಗೆ ಲಕ್ಷ ಕೊಟ್ರೆ ಹೋಗ್ತೀರಾ ಸಾರ್, ಒಂದು ವರ್ಷ?”

“ನಾನ್ಯಾಕಯ್ಯಾ ಹೋಗ್ಲಿ?” ಸಾಹೇಬ್ರು ಕೆರಳಿದರು. “ನಾನೇನು ತಪ್ಪು ಮಾಡಿದೀನಿ?”