ಕಿಡಿಗೇಡಿ

ನಮ್ಮ 1976ರ ಮಾರ್ಕ್ 3 ಅಂಬಾಸಿಡರಿನಲ್ಲಿ ಎಲ್ಲರಿಗಿಂತ ಹೆಚ್ಚು ದುಡಿಯುತ್ತಿದ್ದದ್ದು ಡಿಸ್ಟ್ರಿಬ್ಯೂಟರಿನೊಳಗಿನ ಪಾಯಿಂಟು. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗಿದರೆ ಅದು ಸೆಕೆಂಡಿಗೆ ನೂರು ಸಲ ಬಾಯಿ ತೆರೆದು ಮುಚ್ಚಬೇಕು. ಪ್ರತಿ ಸಲ ಬಾಯಿ ತೆರೆದಾಗಲೂ ಕಾಯಿಲಿನಲ್ಲಿ ಸಾವಿರಾರು ವೋಲ್ಟಿನ ಕಿಡಿ ಹುಟ್ಟುತ್ತದೆ. ಅದನ್ನು ರೋಟರು 1-3-4-2 ಎಂಬ ಪಂಕ್ತಿಯಲ್ಲಿ ನಾಲ್ಕು ಪ್ಲಗ್ಗುಗಳಿಗೆ ಬಡಿಸುತ್ತದೆ. ಪಂಕ್ತಿಭೇದವಾಯಿತೋ, ಕಾರ್ಬುರೇಟರ್ ಸೀನುತ್ತದೆ, ಸೈಲೆನ್ಸರ್ ಪಟಾಕಿ ಹೊಡೆಯುತ್ತದೆ.

ಈ ಏರ್ಪಾಟು ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಮಹಾಶಯನ ಕೊಡುಗೆ. 1912ರ ಕ್ಯಾಡಿಲಾಕಿಗೆ ಸೆಲ್ಫ್ ಸ್ಟಾರ್ಟರ್ ಕೊಟ್ಟು ಹ್ಯಾಂಡಲ್ ತಿರುಗಿಸುವ ಕಷ್ಟ ತಪ್ಪಿಸಿದ ಪುಣ್ಯಾತ್ಮನೂ ಅವನೇ. ಕಾರು ತಳ್ಳುವ ಕಷ್ಟವನ್ನು ಮಾತ್ರ ನಮ್ಮ ಬೀದಿಯವರಿಗೆ ಬಿಟ್ಟ.

ಪಾಯಿಂಟಿನ ಸಂದು ಸುಮಾರು 0.4 ಮಿಲಿಮೀಟರ್ ಇರಬೇಕು. ಫೀಲರ್ ಗೇಜ್ ಸಿಗದ ದಿನ ನಮ್ಮ ಮೆಕ್ಯಾನಿಕ್ಕು ಮದುವೆ ಕರೆಯೋಲೆಯ ಅಂಚು ತೂರಿಸಿ ನೋಡುತ್ತಿದ್ದ. ಸಾಧಾರಣ ಕುಳದ ಕರೆಯೋಲೆಯಾದರೆ ಲೆಕ್ಕ ಸರಿಹೋಗುತ್ತಿತ್ತು. ಸಿರಿವಂತರದ್ದಾದರೆ ಎಂಜಿನ್ ಮಿಸ್ ಹೊಡೆಯುತ್ತಿತ್ತು. ಕ್ಯಾಮಿಗೆ ಉಜ್ಜಿ ಉಜ್ಜಿ ಪಾಯಿಂಟಿನ ಹಿಮ್ಮಡಿ ಸವೆಯುತ್ತದೆ, ಸಂದು ಕಿರಿದಾಗುತ್ತದೆ, ಕಿಡಿ ತಡವಾಗಿ ಬರುತ್ತದೆ. ಆಗ ನಾನು ಬಾನೆಟ್ ಎತ್ತಿ, ಉಪ್ಪುಕಾಗದ ಹಿಡಿದು, ಸುತ್ತ ನೆರೆದವರಿಗೆ ಉಪನ್ಯಾಸ ಕೊಡುತ್ತಿದ್ದೆ. ಊರಲ್ಲಿ ನನಗಿದ್ದ ಮರ್ಯಾದೆಯ ಮುಕ್ಕಾಲು ಪಾಲು ಅಲ್ಲಿಂದಲೇ ಬಂದದ್ದು.

ಮಗ ಎಲೆಕ್ಟ್ರಾನಿಕ್ ಕಿಟ್ ತಂದ. ಪಾಯಿಂಟು, ಕಂಡೆನ್ಸರ್ ಎರಡಕ್ಕೂ ನಿವೃತ್ತಿ. ರೋಟರಿನ ಕೆಳಗೊಂದು ಅಯಸ್ಕಾಂತದ ಬಳೆ, ಪಕ್ಕದಲ್ಲೊಂದು ಸೆನ್ಸರ್. ಉಜ್ಜುವುದಿಲ್ಲ, ಸವೆಯುವುದಿಲ್ಲ. ಕ್ಯಾಪ್ ಮುಚ್ಚಿದರೆ ಹೊರಗಿನಿಂದ ಅದೇ ಹಳೆಯ ಮುಖ.

ಅಂದಿನಿಂದ ಗಾಡಿ ಮೊದಲ ಕೀಲಿಗೇ ಹೊರಡುತ್ತದೆ, ಡಿಸೆಂಬರಿನ ಚಳಿಯಲ್ಲೂ. ತಳ್ಳಲು ಬರುತ್ತಿದ್ದ ನೆರೆಯವರು ಈಗ ಕಾಫಿಗೂ ಬರುವುದಿಲ್ಲ. ಹೆಂಡತಿಗಂತೂ ಪರಮಾನಂದ, ಮದುವೆಗೆ ಹೊರಟರೆ ಮುಹೂರ್ತಕ್ಕೇ ತಲಪುತ್ತೇವೆ, ಮುಂಚಿನಂತೆ ನೇರ ಊಟಕ್ಕಲ್ಲ. ನನ್ನ ಅನುಮಾನವೇ ಬೇರೆ. ಪಾಯಿಂಟು ಕೆಡುವ ಮುನ್ನ ವಾರಗಟ್ಟಲೆ ಗೊಣಗುತ್ತಿತ್ತು. ಈ ಸೆನ್ಸರ್ ಮಹಾ ಮೌನಿ; ಕೈಕೊಡುವ ಮನಸ್ಸಾದರೆ ಒಂದು ಮಾತೂ ಹೇಳದೆ ಶಿರಾಡಿ ಘಾಟಿಯ ನಡುವೆ ಕೈಕೊಟ್ಟೀತು. ಅಲ್ಲಿ ಉಪ್ಪುಕಾಗದದ ಆಟ ನಡೆಯುವುದಿಲ್ಲ. ಹಾಗಾಗಿ ಹಳೆಯ ಪಾಯಿಂಟನ್ನು ಡ್ಯಾಶ್‌ಬೋರ್ಡಿನಲ್ಲಿ, ಮಗನ ಕಣ್ಣಿಗೆ ಬೀಳದಂತೆ, ಇಟ್ಟುಕೊಂಡಿದ್ದೇನೆ.

ಮೊನ್ನೆ ಮೆಕ್ಯಾನಿಕ್ಕು ಬಂದ. ಬಾನೆಟ್ ಮೇಲೆ ಕೈಯಿಟ್ಟು ಬಹಳ ಹೊತ್ತು ಆಲಿಸಿದ. ಎಂಜಿನ್ ಒಂದೇ ಶ್ರುತಿಯಲ್ಲಿತ್ತು. ಅವನ ಮುಖ ಬಾಡಿತು. ಕೊನೆಗೆ, "ಕಾರ್ಬುರೇಟರ್ ಸೌಂಡು ಯಾಕೋ ಸರಿಯಿಲ್ಲ ಸಾರ್" ಅಂದ.

ನನಗೂ ಹಾಗೇ ಕೇಳಿಸಿತು. ಓಡಿಹೋಗಿ ಸ್ಪ್ಯಾನರ್ ತಂದುಕೊಟ್ಟೆ.