ಗಾಡಿ ಇಳಿದರೆ ಟೀವಿಗೆ

ಮೈಸೂರಿನ ನಮ್ಮ ದಟ್ಟಗಳ್ಳಿಯಲ್ಲಿ ಬೈಕ್ ರೇಸು ಎರಡು ಕಡೆ ನಡೆಯುತ್ತದೆ. ಒಂದು ಟೀವಿಯೊಳಗೆ, ಅದಕ್ಕೆ ಚಂದಾ ಕಟ್ಟಬೇಕು. ಇನ್ನೊಂದು ಪಕ್ಕದ ರಿಂಗ್ ರೋಡಿನಲ್ಲಿ. ಅದು ಪುಕ್ಕಟೆ, ರಾತ್ರಿ ಹನ್ನೊಂದರ ಮೇಲೆ ಕಿಟಕಿ ಹಾಕಿಕೊಂಡರೂ ಕೇಳಿಸುತ್ತದೆ. ಮೊದಲನೆಯದನ್ನು ನೋಡುವವರು ಎರಡನೆಯದನ್ನು ಬೈಯುತ್ತಾರೆ. ಎರಡನೆಯದನ್ನು ಓಡಿಸುವವರಿಗೆ ಮೊದಲನೆಯದನ್ನು ನೋಡಲು ಪುರುಸೊತ್ತಿಲ್ಲ.

ಟೀವಿಯ ರೇಸೆಂದರೆ ಮೋಟೊಜಿಪಿ, ಬೈಕುಗಳ ವಿಶ್ವ ಚಾಂಪಿಯನ್‌ಷಿಪ್. ಅದರ ಯುರೋಪಿನ ರೇಸುಗಳು ನಮಗೆ ಸಾಮಾನ್ಯವಾಗಿ ಭಾನುವಾರ ಸಂಜೆ ಐದೂವರೆಗೆ, ಅಂದರೆ ಕಾಫಿ ಹೊತ್ತಿಗೆ. ಜಪಾನಿನದಾದರೆ ಬೆಳಗ್ಗೆ ಹತ್ತೂವರೆ, ಆಸ್ಟ್ರೇಲಿಯಾದ್ದು ಇಡ್ಲಿ ಹೊತ್ತು. ಹೊತ್ತಿನ ವಿಚಾರದಲ್ಲಿ ದೇವರು ಮೈಸೂರಿನವರಿಗೆ ಅನ್ಯಾಯ ಮಾಡಿಲ್ಲ. ಮಾಡಿದ್ದೆಲ್ಲ ಪ್ರಸಾರದ ಹಕ್ಕು. 2022ರವರೆಗೆ ಯೂರೋಸ್ಪೋರ್ಟ್ ಹಾಕಿಕೊಂಡು ಕೂತರೆ ಆಗುತ್ತಿತ್ತು. 2023ಕ್ಕೆ ಆ ಹಕ್ಕು ಸ್ಪೋರ್ಟ್ಸ್18 ಮತ್ತು ಜಿಯೊಸಿನಿಮಾದ ಪಾಲಾಯಿತು. 2025ರ ಫೆಬ್ರುವರಿಯಲ್ಲಿ ಜಿಯೊಸಿನಿಮಾ ಎಂಬ ಹೆಸರೇ ಹಾಟ್‌ಸ್ಟಾರ್ ಒಳಗೆ ಕರಗಿಹೋಯಿತು. ರೇಸಿನ ಅಭಿಮಾನಿ ಹನ್ನೊಂದು ತಿಂಗಳ ಕರಾರಿನ ಬಾಡಿಗೆದಾರನಂತೆ ಸಿಲಿಂಡರು, ಚಾಪೆ ಹೊತ್ತುಕೊಂಡು ಮುಂದಿನ ಆ್ಯಪ್‌ಗೆ ಹೊರಡುತ್ತಾನೆ. ಕ್ರಿಕೆಟ್ಟಿನವನಿಗೆ ಈ ಅಲೆದಾಟವಿಲ್ಲ. ಅವನು ಮಲಗಿದ್ದರೂ ಆ್ಯಪ್‌ಗಳೇ ಬಂದು ಕದ ತಟ್ಟುತ್ತವೆ.

ಮೋಟೊಜಿಪಿ ಗಾಡಿಯ ವೇಗದ ದಾಖಲೆ ಗಂಟೆಗೆ 366.1 ಕಿಲೋಮೀಟರು. 2023ರಲ್ಲಿ ಇಟಲಿಯ ಮುಜೆಲ್ಲೊದಲ್ಲಿ ಬ್ರಾಡ್ ಬೈಂಡರ್ ಹೊಡೆದದ್ದು. ಆ ವೇಗ ಸ್ಟ್ರೀಮಿಂಗ್ ಮೂಲಕ ದಟ್ಟಗಳ್ಳಿ ತಲುಪಲು ಅರ್ಧ ನಿಮಿಷ ತಡವೆಂದು ಇಟ್ಟುಕೊಳ್ಳಿ. ನಾವು ಕಣ್ಣು ಬಿಟ್ಟು ನೋಡುತ್ತಿರುವ ಬೈಂಡರ್ ಅಷ್ಟರಲ್ಲಿ ಮೂರು ಕಿಲೋಮೀಟರು ಮುಂದೆ ಹೋಗಿರುತ್ತಾನೆ. ಕೊನೆಯ ಲ್ಯಾಪಿನ ಕೊನೆಯ ತಿರುವಿನಲ್ಲಿ ಪರದೆ ಮೇಲೆ ಚಕ್ರ ತಿರುಗುತ್ತದೆ, ಬೈಕಿನದಲ್ಲ, ಆ್ಯಪಿನದು. ಅದು ನಿಲ್ಲುವ ಮೊದಲೇ ವಾಟ್ಸ್ಆ್ಯಪ್ ಗುಂಪಿನಲ್ಲಿ ಯಾವನೋ ಪುಣ್ಯಾತ್ಮ ಗೆದ್ದವನ ಹೆಸರು ಹಾಕಿರುತ್ತಾನೆ. ನೇರಪ್ರಸಾರ ಎನ್ನುವುದು ಇದನ್ನೇ.

ಆದರೂ ನಮ್ಮ ಬೀದಿಯಲ್ಲಿ ತಜ್ಞರಿಗೆ ಬರವಿಲ್ಲ. ‘ಏನ್ ಸಾರ್ ಇವ್ನು, ಬ್ರೇಕು ಇಷ್ಟು ಬೇಗ ಹಿಡಿದ್ಬಿಟ್ಟ! ಇನ್ನೊಂದ್ ಚೂರು ಒಳಗ್ ಹೋಗಿದ್ರೆ ಮಾರ್ಕೆಸ್ ಕೈಗೆ ಸಿಗ್ತಿರ್ಲಿಲ್ಲ’ ಎಂದು ಸೋಫಾ ಮೇಲಿಂದ ಮೋಟೊಜಿಪಿ ಸವಾರ ಬಾಗ್ನಾಯಾಗೆ ಬುದ್ಧಿ ಹೇಳಿದ ಹಿರಿಯರು, ರೇಸು ಮುಗಿದ ಕೂಡಲೇ ಸ್ಕೂಟರ್ ಏರಿ ಹಾಲಿಗೆ ಹೋಗುತ್ತಾರೆ. ತಲೆ ಮೇಲೆ ಅರ್ಧ ಹೆಲ್ಮೆಟ್. ಅದರ ಪಟ್ಟಿ ಗಾಳಿಗೆ ಹಾರಾಡುತ್ತಿರುತ್ತದೆ. ಎಡಗೈಯಲ್ಲಿ ನಂದಿನಿ ಹಾಲಿನ ಪೊಟ್ಟಣ, ಎದುರಿಗೆ ಬಣ್ಣ ಬಳಿಯದ ಹಂಪ್, ಅದರಾಚೆ ರಸ್ತೆಗಿಂತ ಒಂದು ಗೇಣು ಮೇಲೆದ್ದ ಒಳಚರಂಡಿ ಮುಚ್ಚಳ. ಅಲ್ಲಿ ಅವರು ಹಿಡಿಯುವ ಬ್ರೇಕನ್ನು ಬಾಗ್ನಾಯಾ ನೋಡಬೇಕು.

ಇದೇ ಬಾಗ್ನಾಯಾ ವಿಶ್ವ ಚಾಂಪಿಯನ್ ಆಗುವ ಮೊದಲು, 2016ರಲ್ಲಿ ನೆದರ್‌ಲ್ಯಾಂಡ್ಸಿನ ಅಸೆನ್‌ನಲ್ಲಿ ಚಿಕ್ಕ ಗಾಡಿಗಳ ಮೋಟೊ3 ರೇಸು ಗೆದ್ದದ್ದು ನಮ್ಮ ಮಹೀಂದ್ರ ಗಾಡಿಯ ಮೇಲೆ. ಮರುವರ್ಷವೇ ಮಹೀಂದ್ರ ಆ ಸಹವಾಸ ಬಿಟ್ಟಿತು. 2018ರಲ್ಲಿ ಅದರ ಒಡೆತನದ ಕಂಪನಿ ಜಾವಾ ಹೆಸರಿಗೆ ಮರುಜೀವ ಕೊಟ್ಟಿತು, 2022ರಲ್ಲಿ ಯೆಜ್ಡಿಗೂ ಕೊಟ್ಟಿತು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಗಾಡಿ ತಯಾರಿಸಿ, 1996ರಲ್ಲಿ ಬಾಗಿಲು ಹಾಕಿಸಿಕೊಂಡ ಮೈಸೂರಿಗೆ ರೋಮಾಂಚನವಾಯಿತು. ಹೊಸ ಗಾಡಿ ತಯಾರಾಗುವುದು ಮಧ್ಯಪ್ರದೇಶದ ಪೀತಂಪುರದಲ್ಲಿ. ಮೈಸೂರಿಗೆ ಸಿಕ್ಕಿದ್ದು ಜಾಹೀರಾತು. ಅದನ್ನೂ ಟೀವಿಯಲ್ಲೇ ನೋಡಿದೆವು.

ಒಮ್ಮೆ ರೇಸೇ ಭಾರತಕ್ಕೆ ಬಂದಿತ್ತು. 2023ರ ಸೆಪ್ಟೆಂಬರ್, ಗ್ರೇಟರ್ ನೋಯ್ಡಾದ ಬುದ್ಧ ಸರ್ಕ್ಯೂಟ್. ಆಗಲೇ ಎಂಟು ಸಲ ವಿಶ್ವ ಚಾಂಪಿಯನ್ ಆಗಿದ್ದ ಮಾರ್ಕ್ ಮಾರ್ಕೆಸ್ ವೀಸಾ ಸಿಗದೆ ಕಾದು ಕೂತ. ಪ್ರಸಾರದಲ್ಲಿ ತೋರಿಸಿದ ಭೂಪಟದಲ್ಲಿ ಜಮ್ಮು-ಕಾಶ್ಮೀರ, ಲಡಾಖ್ ಕಾಣೆಯಾಗಿ, ಮೋಟೊಜಿಪಿಯವರು ಕ್ಷಮೆ ಕೇಳಿದರು. ಬಿಸಿಲಿಗೆ ಹೆದರಿ 24 ಲ್ಯಾಪನ್ನು 21ಕ್ಕೆ ಇಳಿಸಿದರೂ ಎರಡನೆಯವನಾಗಿ ಬಂದ ಜಾರ್ಜ್ ಮಾರ್ಟಿನ್ ಗಾಡಿ ಇಳಿದು ಕುಸಿದ. ಗೆದ್ದವನು ಬೆಜೆಕ್ಕಿ. ಮರುವರ್ಷದ ರೇಸು ರದ್ದಾಯಿತು. ನಾವು ಸೋಫಾಕ್ಕೆ ವಾಪಸಾದೆವು.

ನಮ್ಮವರೂ ಓಡಿಸುತ್ತಾರೆ, ಅದೇ ತಮಾಷೆ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಕಾರ್ ರ‍್ಯಾಲಿಯನ್ನು ಪೂರ್ತಿ ಮುಗಿಸಿದ ಮೊದಲ ಭಾರತೀಯ. ಬೆಂಗಳೂರಿನವರೇ ಆದ ಐಶ್ವರ್ಯಾ ಪಿಸ್ಸೆ 2019ರಲ್ಲಿ ಎಫ್‌ಐಎಂ ಬಾಜಾ ವಿಶ್ವಕಪ್‌ನ ಮಹಿಳಾ ವಿಭಾಗ ಗೆದ್ದವರು. ಇವರಿಬ್ಬರೂ ನಮ್ಮ ನೇತಾಜಿ ಸರ್ಕಲ್ಲಿನಲ್ಲಿ ನಿಂತು ಟೀ ಕುಡಿದರೆ ಚಿಲ್ಲರೆ ಕೇಳುವವನ ಹೊರತು ಯಾರೂ ಮಾತಾಡಿಸಲಾರರು. ಉಡುಪಿಯ ಕೆ.ಪಿ. ಅರವಿಂದ್ ಬಂದರೆ ಮಾತ್ರ ಸೆಲ್ಫಿಗೆ ಸಾಲು. ಅವರು 2019ರಲ್ಲಿ ಪೆರುವಿನ ಮರಳುಗಾಡಿನಲ್ಲಿ ಡಕಾರ್ ಮುಗಿಸಿದರೆಂದೇ? ಉಹೂಂ. 2021ರಲ್ಲಿ ಕಲರ್ಸ್ ಕನ್ನಡದ ಬಿಗ್ ಬಾಸ್‌ನಲ್ಲಿ ರನ್ನರ್ ಅಪ್ ಆದರಲ್ಲ, ಅದಕ್ಕೆ. ಮರಳಿನಲ್ಲಿ ಸಾವಿರಾರು ಕಿಲೋಮೀಟರು ಓಡಿದಾಗ ತಿರುಗಿ ನೋಡದ ನಾಡು, ಅದೇ ಮನುಷ್ಯ ಗಾಡಿಯಿಲ್ಲದೆ ಒಂದು ಮನೆಯೊಳಗೆ ಕೂತಾಗ ತಿಂಗಳುಗಟ್ಟಲೆ ಕಣ್ಣು ಮಿಟುಕಿಸದೆ ನೋಡಿತು. ಆ ಚಾನೆಲ್ಲಿನ ಒಡೆಯರಾಗಿದ್ದ ವಯಾಕಾಮ್18 ಕೈಗೇ ಎರಡು ವರ್ಷದ ಮೇಲೆ ಮೋಟೊಜಿಪಿ ಹಕ್ಕೂ ಬಂತು. ರೇಸೂ ಅವರದೇ, ರೇಸರೂ ಅವರಿಗೆ ಗೊತ್ತಿದ್ದವರೇ. ಎರಡನ್ನೂ ಒಂದು ಪರದೆಗೆ ತರಬೇಕೆಂದು ಯಾರಿಗೂ ಹೊಳೆದಂತಿಲ್ಲ.

ಹೊಳೆದದ್ದು ರಿಂಗ್ ರೋಡಿನ ಹುಡುಗರಿಗೆ. ತಮ್ಮ ವ್ಹೀಲಿಂಗನ್ನು ತಾವೇ ಚಿತ್ರೀಕರಿಸಿ, ಹಿನ್ನೆಲೆಗೆ ಹಾಡು ಕೂಡಿಸಿ, ನಂಬರ್ ಪ್ಲೇಟು ಕಾಣುವಂತೆ ರೀಲ್ಸ್ ಹಾಕುತ್ತಾರೆ. ಚಂದಾ ಇಲ್ಲ, ಹಕ್ಕಿನ ಹರಾಜಿಲ್ಲ. ಅದನ್ನು ಹಿಂದಕ್ಕೆ ಮುಂದಕ್ಕೆ ಓಡಿಸಿ, ನಿಲ್ಲಿಸಿ, ದೊಡ್ಡದು ಮಾಡಿ ನೋಡುವವರು ಸಂಚಾರ ಪೊಲೀಸರು. ಕರ್ನಾಟಕದಲ್ಲಿ ಬೈಕ್ ಓಡಿಸುವವನನ್ನು ಇಷ್ಟು ಶ್ರದ್ಧೆಯಿಂದ ನೋಡುವ ಪ್ರೇಕ್ಷಕರು ಬೇರೆಯಿಲ್ಲ.

ಹಕ್ಕು ಕೊಳ್ಳುವ ಚಾನೆಲ್ಲಿನವರಲ್ಲಿ ಒಂದು ಬಿನ್ನಹ. ಐಪಿಎಲ್ಲಿಗೂ ಕಬಡ್ಡಿಗೂ ಕನ್ನಡದಲ್ಲಿ ಕೂಗುತ್ತೀರಿ. ನಮ್ಮವರು ಓಡುವ ವರ್ಷವಾದರೂ ಜನವರಿಯ ಡಕಾರ್‌ಗೆ ದಿನಕ್ಕೆ ಹತ್ತು ನಿಮಿಷ, ಧಾರಾವಾಹಿಗಳೆಲ್ಲ ಮುಗಿದ ಮೇಲಾದರೂ ಸರಿ, ಕನ್ನಡದಲ್ಲಿ ಕೊಡಿ. ಅಷ್ಟು ಮಾಡಿದರೆ ಹಾಲಿಗೆ ಹೋಗುವಾಗ ಹೆಲ್ಮೆಟ್ಟಿನ ಪಟ್ಟಿ ಹಾಕಿಕೊಳ್ಳುವ ವಿಚಾರವನ್ನು ನಾವೂ ಪರಿಶೀಲಿಸುತ್ತೇವೆ.