ಟಾರ್ಚ್ ನೆಟ್ಟಗೆ ಹಿಡಿ!

ಮನೆಯಲ್ಲಿ ಏನಾದರೂ ಕೆಟ್ಟಿತೆಂದರೆ ಎಲ್ಲರ ಮುಖ ಬಾಡುತ್ತದೆ. ರಿಪೇರಿ ರಾಯರ ಮುಖ ಅರಳುತ್ತದೆ. ‘ರೀ, ಮಿಕ್ಸಿ ತಿರುಗ್ತಿಲ್ಲ’ ಎಂದು ಅಡುಗೆಮನೆಯಿಂದ ಕೂಗು ಬಂದರೆ ಸಾಕು, ಓದುತ್ತಿದ್ದ ಪೇಪರನ್ನು ಅಲ್ಲೇ ಮಡಿಚಿಟ್ಟು, ಪಂಚೆ ಎತ್ತಿ ಕಟ್ಟಿ, ‘ಯಾರೂ ಮುಟ್ಟಬೇಡಿ, ಬಂದೆ’ ಎಂದು ಎದ್ದೇಬಿಡುತ್ತಾರೆ. ಮಂಡಿನೋವು, ಬಿ.ಪಿ., ಡಾಕ್ಟರು ಹೇಳಿದ ವಿಶ್ರಾಂತಿ ಎಲ್ಲ ಆ ಹೊತ್ತಿಗೆ ರದ್ದು. ಒಂದು ವಾರ ಮನೆಯ ಸಮಸ್ತ ವಸ್ತುಗಳೂ ತಕರಾರಿಲ್ಲದೆ ನಡೆದವೋ, ರಾಯರಿಗೆ ಒಳಗೊಳಗೇ ಕಸಿವಿಸಿ. ಆಗ ಚೆನ್ನಾಗಿಯೇ ಇರುವ ಬಾಗಿಲ ಮುಂದೆ ನಿಂತು, ಅದನ್ನು ಹಿಂದೆ ಮುಂದೆ ಆಡಿಸಿ, ‘ಇದು ಸ್ವಲ್ಪ ಕಿರ್ ಅನ್ನತ್ತಲ್ವಾ?’ ಎಂದು ಕೇಳುತ್ತಾರೆ. ಅನ್ನುವುದಿಲ್ಲ. ಸಂಜೆಯ ಹೊತ್ತಿಗೆ ಅನ್ನುತ್ತದೆ.

ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಇಂಥ ರಾಯರು ಬೀದಿಗೊಬ್ಬರು ಸಿಗುತ್ತಾರೆ. ಜಾಲಹಳ್ಳಿ, ವಿದ್ಯಾರಣ್ಯಪುರದ ಕಡೆ ಹೋದರೆ ಇಬ್ಬರು ಸಿಕ್ಕಾರು. ಸಿಗದೆ ಏನು ಮಾಡಿಯಾರು? 1940ರಲ್ಲಿ ವಿಮಾನದ ಕಾರ್ಖಾನೆ, 1948ರಲ್ಲಿ ಐಟಿಐ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಎಂದು ಸಾಲುಸಾಲಾಗಿ ಕಾರ್ಖಾನೆಗಳು ಎದ್ದ ಊರು ಇದು. ಸೈರನ್ನಿಗೆ ಎದ್ದು, ಸೈರನ್ನಿಗೆ ಉಂಡು, ಲೇತು ಮಿಲ್ಲಿಂಗ್ ಮಷೀನುಗಳ ನಡುವೆಯೇ ತಲೆ ನರೆಸಿಕೊಂಡ ಒಂದು ತಲೆಮಾರೇ ಇಲ್ಲಿದೆ. ವರ್ನಿಯರ್ ಕ್ಯಾಲಿಪರ್ ಹಿಡಿದು 0.02 ಮಿಲಿಮೀಟರ್ ವ್ಯತ್ಯಾಸಕ್ಕೆ ಜಾಬ್ ರಿಜೆಕ್ಟ್ ಮಾಡುತ್ತಿದ್ದ ಕಣ್ಣಿಗೆ ನಿವೃತ್ತಿ ಎಲ್ಲಿದೆ? ಅದು ನೇರ ಮನೆಯ ಮೇಲೆ ಬಿತ್ತು. ಗೋಡೆಯ ಕ್ಯಾಲೆಂಡರ್ ಓರೆ, ದೇವರಮನೆಯ ಹೊಸಿಲು ಓರೆ, ಹೆಂಡತಿ ಲಟ್ಟಿಸಿದ ಚಪಾತಿ ಒಂದು ಕಡೆ ಮಂದ.

ಮೆಟ್ಟಿಲ ಕೆಳಗೆ ಅಕ್ಕಿಮೂಟೆ ಇಡಲೆಂದು ಬಿಟ್ಟಿದ್ದ ಜಾಗಕ್ಕೆ ಈಗ ‘ಟೂಲ್ ರೂಮ್’ ಎಂದು ಹೆಸರು. ಗೋಡೆಗೆ ಪ್ಲೈವುಡ್ ಹಲಗೆ ಬಡಿದು, ಅದರ ಮೇಲೆ ಒಂದೊಂದು ಉಪಕರಣದ ಆಕಾರವನ್ನೂ ಕೆಂಪು ಬಣ್ಣದಲ್ಲಿ ಬರೆದಿದ್ದಾರೆ; ಯಾವುದು ಜಾಗದಲ್ಲಿಲ್ಲವೆಂದು ದೂರದಿಂದಲೇ ಕಾಣಬೇಕು. 8-9, 10-11, 12-13 ಸ್ಪ್ಯಾನರುಗಳು ಕಿರಿಯರಿಂದ ಹಿರಿಯರಿಗೆ ಸಾಲಾಗಿ ನಿಂತಿವೆ. ಕಟಿಂಗ್ ಪ್ಲೇಯರ್, ಪೈಪ್ ರೆಂಚ್, ಹ್ಯಾಕ್ಸಾ, ಟೆಸ್ಟರ್ ಎಲ್ಲವೂ ಉಂಟು. ಹಾರ್ಲಿಕ್ಸ್ ಬಾಟಲಿಗಳ ತುಂಬ ಸ್ಕ್ರೂ, ನಟ್ಟು, ವಾಷರ್. ಜಾಗದಲ್ಲಿ ಇಲ್ಲದ್ದು 10ರ ಸಾಕೆಟ್ ಒಂದೇ. ಅದು ಯಾವ ಮೆಕ್ಯಾನಿಕ್ಕಿನ ಹತ್ತಿರವೂ ಬೇಕಾದಾಗ ಸಿಕ್ಕ ದಾಖಲೆಯಿಲ್ಲ.

ಕಾರ್ಖಾನೆಯ ಟೂಲ್ ಸ್ಟೋರಿನಲ್ಲಿ ಹಿತ್ತಾಳೆ ಬಿಲ್ಲೆಯ ಪದ್ಧತಿ ಇರುತ್ತಿತ್ತು. ಕೆಲಸಗಾರ ತನ್ನ ನಂಬರಿನ ಬಿಲ್ಲೆ ಕೊಟ್ಟು ಉಪಕರಣ ಒಯ್ಯಬೇಕು. ಬಿಲ್ಲೆ ಆ ಉಪಕರಣದ ಕೊಂಡಿಗೆ ನೇತಾಡುತ್ತದೆ. ತಂದು ಒಪ್ಪಿಸಿದ ಮೇಲೆ ಬಿಲ್ಲೆ ವಾಪಸ್. ರಾಯರು ಇದನ್ನು ಮನೆಗೂ ತಂದರು. ತೆಂಗಿನಕಾಯಿ ಒಡೆಯಲು ಸುತ್ತಿಗೆ ಬೇಕೆಂದರೆ ಹೆಂಡತಿ ತಮ್ಮ ಬಿಲ್ಲೆ ನೇತುಹಾಕಿ, ಹೊತ್ತು ಬರೆದು ಒಯ್ಯಬೇಕು. ಆಕೆ ಆವತ್ತಿನಿಂದ ಕಾಯನ್ನು ಒಗೆಯುವ ಕಲ್ಲಿಗೇ ಒಡೆಯುತ್ತಾರೆ. ಆಯುಧಪೂಜೆಯ ದಿನ ಆ ಹಲಗೆಗೆ ಅರಿಸಿನ ಕುಂಕುಮ, ಸೇವಂತಿಗೆ ಹೂವು. ಪೂಜೆಗೆ ಇಟ್ಟ ಉಪಕರಣವನ್ನು ಅಂದು ಮುಟ್ಟುವಂತಿಲ್ಲ. ಇಡೀ ವರ್ಷದಲ್ಲಿ ಆ ಮನೆಯವರು ನೆಮ್ಮದಿಯಾಗಿ ಹಬ್ಬ ಮಾಡುವುದು ಅದೊಂದೇ ದಿನ.

ದುಡ್ಡು ಉಳಿಸಲು ರಾಯರು ಇದನ್ನೆಲ್ಲ ಮಾಡುತ್ತಾರೆಂದು ಯಾರಾದರೂ ತಿಳಿದರೆ ಅದು ತಪ್ಪು. ‘ಪ್ಲಂಬರ್ ಬಂದು ನಲ್ಲಿ ಮುಟ್ಟಿದರೆ ಮುನ್ನೂರು ರೂಪಾಯಿ ಕೇಳ್ತಾನೆ, ವಾಷರ್ ಬೆಲೆ ಐದು ರೂಪಾಯಿ’ ಎಂದು ಅವರು ಹೇಳುವುದು ನಿಜ. ಆದರೆ ಆ ಐದು ರೂಪಾಯಿಯ ವಾಷರ್ ಪಕ್ಕದ ಹಾರ್ಡ್‌ವೇರ್ ಅಂಗಡಿಯಲ್ಲಿ ಕೊಂಡರೆ ಅವಮಾನ. ಅದಕ್ಕೆ ಎಸ್.ಪಿ. ರೋಡಿಗೇ ಹೋಗಬೇಕು. ಹೋಗಿದ್ದೇವಲ್ಲ ಎಂದು ಜೆ.ಸಿ. ರೋಡಿನಲ್ಲಿ ಕಾರಿನ ಬಿಡಿಭಾಗ ವಿಚಾರಿಸಬೇಕು. ಬರುವಾಗ, ಯಾವತ್ತಾದರೂ ಬೇಕಾಗಬಹುದೆಂದು ಒಂದು ಬೇರಿಂಗ್ ಪುಲ್ಲರ್. ಊಟದ ಹೊತ್ತು ಮೀರಿ ಆಟೋದಲ್ಲಿ ಇಳಿದಾಗ ಕೈಯಲ್ಲಿ ಎಲ್ಲ ಇರುತ್ತದೆ, ವಾಷರ್ ಒಂದು ಬಿಟ್ಟು.

ರಾಯರಿಗೆ ವಿದ್ಯೆ ಇಲ್ಲವೆಂದಲ್ಲ. ಟೇಬಲ್ ಫ್ಯಾನಿನ ರೆಕ್ಕೆ ಬಿಚ್ಚಲಾರದೆ ಬೀದಿಯ ಹುಡುಗರೆಲ್ಲ ಒದ್ದಾಡುತ್ತಿದ್ದಾಗ, ಅದರ ಮುಂದಿನ ನಟ್ಟಿಗೆ ಉಲ್ಟಾ ಥ್ರೆಡ್, ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತದೆ ಎಂದು ತೋರಿಸಿಕೊಟ್ಟವರು ಅವರು. ತಿರುಗುವ ರೆಕ್ಕೆಯೇ ನಟ್ಟನ್ನು ಸಡಿಲಿಸಬಾರದಲ್ಲ, ಅದಕ್ಕೆ ಈ ಏರ್ಪಾಡು. ಸೈಕಲ್ಲಿನ ಎಡಗಡೆ ಪೆಡಲಿಗೂ ಹೀಗೇ ಎಂದು ಜೊತೆಗೊಂದು ಪಾಠ. ಸೀಲಿಂಗ್ ಫ್ಯಾನ್ ನಿಧಾನವಾಯಿತೆಂದರೆ ಅವರು ಮೊದಲು ಕೈಹಾಕುವುದು 2.5 ಮೈಕ್ರೋಫ್ಯಾರಡ್ಡಿನ ಪುಟ್ಟ ಕೆಪಾಸಿಟರಿಗೆ. ಹಳೆಯದು ತೆಗೆದು ಹೊಸದು ಕೂರಿಸಿದರೆ ಫ್ಯಾನು ಭರ್ರನೆ ತಿರುಗುತ್ತದೆ. ಅಲ್ಲಿಗೆ ನಿಲ್ಲಿಸಿದ್ದರೆ ರಾಯರಿಗೆ ಬೀದಿಯಲ್ಲೊಂದು ಪ್ರತಿಮೆ ಏಳುತ್ತಿತ್ತು. ನಿಲ್ಲಿಸುವುದಿಲ್ಲ. ‘ಹೇಗೂ ಸ್ಟೂಲ್ ಹತ್ತಿದೀನಲ್ಲ, ಹಾಗೇ ಬೇರಿಂಗೂ ನೋಡಿಬಿಡೋಣ’ ಎನ್ನುತ್ತಾರೆ. ಆ ಮನೆಯಲ್ಲಿ ಈವರೆಗೆ ಆದ ಅನಾಹುತಗಳೆಲ್ಲ ಈ ‘ಹಾಗೇ ನೋಡಿಬಿಡೋಣ’ದಿಂದಲೇ ಶುರುವಾಗಿವೆ. ಕನ್ಸೀಲ್ಡ್ ವೈರು ಸ್ವಿಚ್‌ಬೋರ್ಡಿನಿಂದ ಸಾಮಾನ್ಯವಾಗಿ ನೆಟ್ಟಗೆ ಮೇಲಕ್ಕೇ ಹೋಗಿರುತ್ತದೆ, ಆ ಸಾಲಿನಲ್ಲಿ ಡ್ರಿಲ್ ಇಡಬಾರದು ಎಂದು ಬೀದಿಗೆಲ್ಲ ಬುದ್ಧಿ ಹೇಳಿದವರು ಅವರೇ. ಇಟ್ಟವರೂ ಅವರೇ. ಆ ರಾತ್ರಿ ಅವರ ಮನೆಯಲ್ಲಿ ದೀಪದ ಕಂಬ ಹಚ್ಚಿಟ್ಟು ಊಟ ಮಾಡಿದರು.

ಈ ಎಲ್ಲ ಕೆಲಸಕ್ಕೂ ಬೇಕಾದ ಮುಖ್ಯ ಉಪಕರಣ ಮಾತ್ರ ಆ ಹಲಗೆಯ ಮೇಲೆ ಇಲ್ಲ. ಅದು ಟಾರ್ಚ್ ಹಿಡಿಯುವ ಮನುಷ್ಯ. ರಾಯರು ಸಿಂಕಿನ ಕೆಳಗೆ ಅರ್ಧ ದೇಹ ತೂರಿಸಿದ ಮೇಲೆ ಹೊರಗೊಬ್ಬರು ಕುಕ್ಕರುಗಾಲಲ್ಲಿ ಕೂತು ಬೆಳಕು ಬಿಡುತ್ತಿರಬೇಕು. ‘ಇಲ್ಲಿ ಹಿಡಿ ಅಂದ್ರೆ ಅಲ್ಲಿ ಹಿಡೀತೀಯಲ್ಲ!’ ಎಂದು ಒಳಗಿನಿಂದ ಗುಡುಗು. ‘ಇಲ್ಲಿ’ ಎಂದರೆ ಎಲ್ಲಿ? ಎರಡೂ ಕೈ ಪೈಪಿನಲ್ಲಿರುವುದರಿಂದ ರಾಯರು ಗಲ್ಲದಿಂದ ತೋರಿಸಿರುತ್ತಾರೆ. ಗಲ್ಲ ಕಾಣಲು ಬೆಳಕು ಬೇಕು. ಬೆಳಕು ಅತ್ತ ತಿರುಗಿಸಿದರೆ ‘ನನ್ನ ಮುಖ ಏನು ನೋಡ್ತೀಯ?’ ‘ಅದು ಕೊಡು’ ಎನ್ನುತ್ತಾರೆ. ಸ್ಕ್ರೂಡ್ರೈವರ್ ಕೊಟ್ಟರೆ ‘ಅದಲ್ಲ, ಅದು!’ ರೆಂಚ್ ಕೊಟ್ಟರೆ ‘ಆ ಅದಲ್ಲ ಮಾರಾಯ, ಇನ್ನೊಂದು ಅದು!’

ನಮ್ಮ ಬೀದಿಯ ಗಂಡುಮಕ್ಕಳೆಲ್ಲ ಈ ವಿದ್ಯಾಪೀಠದಲ್ಲಿ ಕಲಿತವರೇ. ಬೇಸಗೆ ರಜದಲ್ಲಿ ಕ್ರಿಕೆಟ್ ಚೆಂಡು ರಾಯರ ಕಾಂಪೌಂಡಿಗೆ ಬಿದ್ದರೆ ತರಲು ಹೋದವನು ಸಂಜೆಗೇ ಮರಳುತ್ತಿದ್ದುದು. ಅವರಲ್ಲಿ ಕೆಲವರು ಈಗ ದೊಡ್ಡ ಕಂಪನಿಗಳಲ್ಲಿ ಮ್ಯಾನೇಜರುಗಳು. ಮೇಲಿನವರು ಬಾಯಿಬಿಟ್ಟು ಹೇಳದ್ದನ್ನು ಊಹಿಸಿ ಮಾಡುವುದು, ಮಾಡಿದ್ದಕ್ಕೆ ಬೈಸಿಕೊಳ್ಳುವುದು, ಬೈಸಿಕೊಂಡರೂ ಬೆಳಕು ಅಲ್ಲಾಡದಂತೆ ನೋಡಿಕೊಳ್ಳುವುದು, ಈ ಮೂರನ್ನೂ ಅವರಿಗೆ ಯಾವ ಇಂಜಿನಿಯರಿಂಗ್ ಕಾಲೇಜೂ ಕಲಿಸಿದ್ದಲ್ಲ.

ರಾಯರ ಕೈಯಿಂದ ಹಾದುಹೋದ ವಸ್ತು ಕೆಲಸ ಮಾಡುವುದಿಲ್ಲ ಎನ್ನುವಂತಿಲ್ಲ. ಮಾಡುತ್ತದೆ, ಆದರೆ ಉಪದೇಶ ಪಡೆದವರಿಗೆ ಮಾತ್ರ. ಮನೆಗೆ ಬಂದ ನೆಂಟರಿಗೆ ಕಾಫಿಗೆ ಮುಂಚೆ ಇದು ಆಗಬೇಕು. ಬಚ್ಚಲಿನ ಲೈಟಿಗೆ ವರಾಂಡದ ಸ್ವಿಚ್ಚು. ಗೀಸರ್ ಸ್ವಿಚ್ ಕೆಳಗಿದ್ದರೆ ಆಫ್, ಮೇಲಿದ್ದರೆ ಆನ್. ಚಿಲಕವನ್ನು ತುಸು ಮೇಲೆತ್ತಿ, ಬಾಗಿಲನ್ನು ಮೊಣಕಾಲಲ್ಲಿ ಒತ್ತಿ, ಆಮೇಲೆ ಎಳೆಯಬೇಕು. ಫ್ಲಶ್ ಅನ್ನು ಒಮ್ಮೆ ಸುಳ್ಳೇ ಒತ್ತಿ, ಮೂರು ಎಣಿಸಿ, ನಿಜವಾಗಿ ಒತ್ತಬೇಕು. ಮದುವೆಗೆಂದು ಊರಿಂದ ಬಂದ ಸೋದರಮಾವ ಒಬ್ಬರು ಇಷ್ಟು ಕೇಳಿಸಿಕೊಂಡು, ‘ಛತ್ರದಲ್ಲೇ ಮಲಗ್ತೀನಪ್ಪ’ ಎಂದು ಚೀಲ ಎತ್ತಿಕೊಂಡರು.

ಕಾರಿನ ವಿಷಯದಲ್ಲಿ ರಾಯರದು ಕಳೆದುಹೋದ ಸಾಮ್ರಾಜ್ಯದ ದುಃಖ. 1983ರಲ್ಲಿ ರಸ್ತೆಗಿಳಿದು 2014ರಲ್ಲಿ ತಯಾರಿ ನಿಂತ ಮಾರುತಿ 800 ಅವರ ಪಾಲಿನ ಕಾಮಧೇನು. 796 ಸಿಸಿ, ಮೂರು ಸಿಲಿಂಡರು, ಮೂರು ಪ್ಲಗ್ಗು; ಅವರದ್ದು ಕಾರ್ಬುರೇಟರ್ ಇದ್ದ ಹಳೆಯ ಮಾದರಿ. ಭಾನುವಾರ ಬೆಳಗ್ಗೆ ಬಾನೆಟ್ ಎತ್ತಿದರೆ ಎಂಜಿನ್ನು ಪೂರ್ತಿ ಕಣ್ಣಿಗೆ ಕಾಣುತ್ತಿತ್ತು. ಪ್ಲಗ್ಗು ಬಿಚ್ಚಿ, ಮಸಿ ಉಜ್ಜಿ, ಫೀಲರ್ ಗೇಜ್ ತೂರಿಸಿ ಗ್ಯಾಪ್ ನೋಡಿ, ಐಡ್ಲಿಂಗ್ ಸ್ಕ್ರೂ ಕಾಲು ಸುತ್ತು ಹೆಚ್ಚು ಕಡಿಮೆ ಮಾಡಿ, ಕಣ್ಣುಮುಚ್ಚಿ ಅದರ ಸದ್ದಿಗೆ ತಲೆದೂಗುತ್ತಿದ್ದರು. ಮಗ ಕೊಂಡ ಹೊಸ ಕಾರಿನ ಬಾನೆಟ್ ಎತ್ತಿದ ದಿನ ಅವರಿಗೆ ಕಂಡದ್ದು ಒಂದು ದೊಡ್ಡ ಕರಿ ಪ್ಲಾಸ್ಟಿಕ್ ಮುಚ್ಚಳ. ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಚಿತ್ರದ ದೀಪ ಹತ್ತಿದರೆ, ಸ್ಟಿಯರಿಂಗ್ ಕೆಳಗಿನ ಪೋರ್ಟಿಗೆ ಬೆರಳುದ್ದದ ಸ್ಕ್ಯಾನರ್ ಸಿಕ್ಕಿಸಿ ಮೊಬೈಲಿನಲ್ಲಿ ಕೋಡ್ ನೋಡಬೇಕಂತೆ. ‘ರೋಗ ಏನು ಅಂತ ರೋಗಿನೇ ಹೇಳಿಬಿಟ್ಟರೆ ಡಾಕ್ಟರು ಯಾಕೆ?’ ಎಂದು ಗೊಣಗಿದರು. ಅಲ್ಲಿ ಅವರಿಗೆ ಉಳಿದ ಅಧಿಕಾರ ಒಂದೇ, ವೈಪರಿನ ನೀರು ತುಂಬುವುದು. ಅದನ್ನೇ ಕಾವೇರಿ ನೀರು ಬರುವ ದಿನ ಹಿಡಿದಿಟ್ಟು, ಪಂಚೆಯ ಚುಂಗಿನಲ್ಲಿ ಸೋಸಿ, ಅಭಿಷೇಕದ ಶ್ರದ್ಧೆಯಿಂದ ಸುರಿಯುತ್ತಾರೆ. ಆಗಲೂ ಒಬ್ಬರು ಪಕ್ಕದಲ್ಲಿ ಲಾಳಿಕೆ ಹಿಡಿದುಕೊಂಡಿರಬೇಕು.

ಹೆಂಡತಿಗೆ ಇದೆಲ್ಲ ಅಭ್ಯಾಸವಾಗಿದೆ. ರಾಯರು ಬೆಳಗಿನ ವಾಕಿಂಗಿಗೆ ಹೊರಟು ಬೀದಿ ತಿರುಗಿದೊಡನೆ ಹಿತ್ತಿಲ ಬಾಗಿಲಿಂದ ಪ್ಲಂಬರ್ ಹುಡುಗ ಬರುತ್ತಾನೆ. ಸದ್ದಿಲ್ಲದೆ ನಲ್ಲಿಗೆ ಹೊಸ ಸ್ಪಿಂಡಲ್ ಹಾಕಿ, ದುಡ್ಡಿನ ಜೊತೆ ಒಂದು ಲೋಟ ಕಾಫಿಯನ್ನೂ ಮುಗಿಸಿ ಅದೇ ಬಾಗಿಲಿಂದ ಹೊರಡುತ್ತಾನೆ. ರಾಯರು ಬಂದು ಕೈ ತೊಳೆದು, ನಲ್ಲಿ ನಿಲ್ಲಿಸಿ, ಹನಿ ಬೀಳದಿರುವುದನ್ನು ದಿಟ್ಟಿಸಿ ನೋಡಿ, ‘ಕಂಡೆಯಾ? ನಿನ್ನೆ ನಾನು ಹಾಕಿದ ವಾಷರ್ ಈಗ ಸೆಟ್ ಆಯ್ತು. ರಬ್ಬರಿಗೆ ಒಂದು ರಾತ್ರಿ ಟೈಮ್ ಕೊಡಬೇಕು’ ಎನ್ನುತ್ತಾರೆ. ‘ಹೌದೂಂದ್ರೆ’ ಎಂದು ಆಕೆ ದೋಸೆ ಮಗುಚುತ್ತಾರೆ. ಆ ದಾಂಪತ್ಯ ಇಷ್ಟು ವರ್ಷ ಸೋರದೆ ನಿಂತಿರುವುದು ಇಂಥ ವಾಷರುಗಳಿಂದ.

ಮಗಳು ಅಮೆರಿಕಕ್ಕೆ ಕರೆಸಿಕೊಂಡಾಗ ರಾಯರು ಸ್ವರ್ಗಕ್ಕೇ ಹೊರಟಂತೆ ಹೊರಟರು. ಅಲ್ಲಿ ಕೂಲಿ ದುಬಾರಿ. ಗೋಡೆಗೆ ಬಣ್ಣ ಬಳಿಯುವುದರಿಂದ ಹಿಡಿದು ಎಷ್ಟೋ ಕೆಲಸ ಮನೆಯವರೇ ಮಾಡಿಕೊಳ್ಳುತ್ತಾರೆ ಎಂದು ಕೇಳಿದ್ದರು. ಹೋಮ್ ಡಿಪೋ ಅಂಗಡಿಯನ್ನು ಕಂಡು, ಇಡೀ ಎಸ್.ಪಿ. ರೋಡನ್ನು ಒಂದೇ ಸೂರಿನಡಿ ಗುಡಿಸಿಟ್ಟಿದ್ದಾರೆಂದು ಬೆರಗಾದರು. ಅಳಿಯನ ಗ್ಯಾರೇಜಿನಲ್ಲಿ ಉಪಕರಣಗಳ ಹಲಗೆಯೂ ಇತ್ತು, ಆಕಾರ ಬರೆದಿರಲಿಲ್ಲ ಅಷ್ಟೆ. ಒಂದು ರಾತ್ರಿ ಅಲ್ಲಿಯ ಸಿಂಕು ಸೋರಿತು. ರಾಯರು ಪಂಚೆ ಎತ್ತಿ ಕಟ್ಟುವುದರೊಳಗೆ ಅಳಿಯ ಹಣೆಗೊಂದು ಪಟ್ಟಿ ಬಿಗಿದು, ಅದರಲ್ಲಿದ್ದ ದೀಪ ಹಚ್ಚಿ, ಮೊಬೈಲಿನಲ್ಲಿ ವಿಡಿಯೊ ನೋಡಿಕೊಳ್ಳುತ್ತ ಒಬ್ಬನೇ ಕೆಳಗೆ ತೂರಿದ. ಯಾರನ್ನೂ ಕರೆಯಲಿಲ್ಲ, ಯಾರನ್ನೂ ಬೈಯಲಿಲ್ಲ. ಹೊರಬಂದು ಕೈ ಒರೆಸಿಕೊಂಡು, ‘ಆಯ್ತು ಮಾವ, ಮಲಗೋಣ’ ಎಂದ. ರಾಯರಿಗೆ ನಿದ್ದೆ ಬರಲಿಲ್ಲ. ‘ಒಬ್ಬರಿಗೂ ಗೊತ್ತಾಗದ ಹಾಗೆ ಮಾಡೋದೂ ಒಂದು ರಿಪೇರಿಯೇನೆ?’ ಎಂದು ಹೆಂಡತಿಯನ್ನು ಎಬ್ಬಿಸಿ ಕೇಳಿದರು.

ಮಾವನ ಆಸಕ್ತಿ ನೋಡಿ ಅಳಿಯ ಹೊರಡುವಾಗ ಅಂಥದ್ದೇ ಒಂದು ಹಣೆದೀಪ ಕೊಡಿಸಿದ. ಬೆಂಗಳೂರಿಗೆ ಬಂದ ವಾರದಲ್ಲೇ ಸಿಂಕಿನ ಪೈಪು ಸಡಿಲವಾಯಿತು. ಇನ್ನು ಟಾರ್ಚ್ ಹಿಡಿಯುವ ಸೇವೆಯಿಂದ ಬಿಡುಗಡೆ ಎಂದು ಹೆಂಡತಿ ಹಿಗ್ಗುತ್ತಿರುವಾಗ, ರಾಯರು ಪೆಟ್ಟಿಗೆ ಬಿಚ್ಚಿ, ಪಟ್ಟಿಯ ಅಳತೆ ಸರಿಮಾಡಿ, ಅದನ್ನು ತಂದು ಆಕೆಯ ಹಣೆಗೇ ಕಟ್ಟಿದರು. ‘ಇನ್ಮೇಲೆ ನಿನ್ನ ಕೈ ನೋಯಲ್ಲ ನೋಡು. ಇಲ್ಲಿ ಕೂತ್ಕೋ, ನಾನು ಹೇಳಿದ ಕಡೆ ಸುಮ್ಮನೆ ನೋಡ್ತಾ ಇರು.’

ಆಕೆ ಕೂತರು, ನೋಡಿದರು, ನಾಲ್ಕು ಸಲ ಬೈಸಿಕೊಂಡರು. ಅಷ್ಟರಲ್ಲಿ ಗಂಟೆ ಏಳಾಯಿತು, ಹಾಲಿನಿಂದ ಧಾರಾವಾಹಿಯ ಹಾಡು ಕೇಳಿತು, ಕತ್ತು ತನ್ನಷ್ಟಕ್ಕೆ ಅತ್ತ ತಿರುಗಿತು. ಕತ್ತಿನ ಜೊತೆ ಬೆಳಕೂ ಹೋಯಿತು.

‘ಏ ಇವಳೇ, ಲೈಟೆಲ್ಲಿ?’ ಎಂದು ಸಿಂಕಿನ ಕೆಳಗಿನ ಕತ್ತಲೆಯಿಂದ ಕೂಗು ಬಂತು.

‘ಸ್ವಲ್ಪ ಇರೀಂದ್ರೆ, ಬ್ರೇಕ್ ಬಂದ ಕೂಡಲೇ ಆ ಕಡೆ ನೋಡ್ತೀನಿ’ ಎಂದರು ಅವರು.